ಶಾಲೆ ಬಿಟ್ಟು ಹೊರಟ ಮೇಷ್ಟ್ರು: ಶಿಶುನಾಳ ಶರೀಫ ಸಾಹೇಬರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಕೇಳಿದಾಗ, ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಏನು ಬರೆಯಬೇಕೋ ಅದನ್ನೇ ಬರೆಯಲು ಕುಳಿತೆ. ಕಂಪ್ಯೂಟರ್ ಮತ್ತು ಇಂದಿನ ಮಕ್ಕಳು ಎಂಬ ಹೆಸರಿಟ್ಟು ಅರ್ಧ ಪುಟವನ್ನೂ ಮುಗಿಸಿದ್ದೆ. ಅಷ್ಟರಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಫೋನ್ ಮಾಡಿದರು. ಆ ವಿಷಯದ ಮೇಲೆ ಈಗಾಗಲೇ ನಾಲ್ಕು ಲೇಖನ ಬಂದಿವೆ, ನಿನಗೆ ಈ ಶಾಲೆಯಲ್ಲಿ ಕಲಿತದ್ದು ಏನು ನೆನಪಿದೆಯೋ ಅದನ್ನು ಬರಿಯಪ್ಪ ಎಂದರು. ನನಗೆ ಮೊದಲು ನೆನಪಾದದ್ದು ಒಂದು ಕೋಳಿ.

ಎಂಟನೇ ತರಗತಿಯ ವಾರ್ಷಿಕೋತ್ಸವಕ್ಕೆ ನಾವು ಶಿಶುನಾಳ ಶರೀಫರ ಒಂದು ಹಾಡಿಗೆ ಕುಣಿದಿದ್ದೆವು. ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಹೀಗೆ ಲೋಕವೆಲ್ಲ ತಲೆಕೆಳಗಾಗುವ ಹಾಡು ಅದು. ನಿಮ್ಮಲ್ಲಿ ಹಲವರಿಗೆ ಬಾಯಿಪಾಠ ಇರುತ್ತದೆ. ರಟ್ಟಿನ ಮುಖವಾಡ ಕಟ್ಟಿಕೊಂಡು ನಾನು ಆಡು ಆಗಿದ್ದೆ. ಹಾಡುವ ಕೆಲಸ ನನಗೆ ಸಿಗಲಿಲ್ಲ. ಅದು ನಮ್ಮ ತರಗತಿಯ ಇನ್ನೊಬ್ಬ ಹುಡುಗನ ಪಾಲಾಯಿತು. ಅವನ ತಂದೆ ರೇಷ್ಮೆ ಗೂಡಿನ ವ್ಯಾಪಾರಕ್ಕೆ ರಾಮನಗರಕ್ಕೆ ಓಡಾಡುತ್ತಿದ್ದರು. ಮನೆಯಲ್ಲಿ ಉರ್ದು ಮಾತು, ಶಾಲೆಯಲ್ಲಿ ನಮ್ಮೆಲ್ಲರಿಗಿಂತ ಚೆಂದದ ಕನ್ನಡ. ನಿಜವಾಗಿಯೂ ಅವನದೇ ಒಳ್ಳೆಯ ಕಂಠ. ಅದು ನನಗೂ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಹೊಟ್ಟೆಕಿಚ್ಚು. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ನಾಲ್ಕು ಜನರ ಎದುರಿಗೆ ನಾನು ಅವನನ್ನು ಕೇಳಿದೆ: ಗುರು ಗೋವಿಂದ, ಶಿಶುನಾಳಾಧೀಶ ಎಂದೆಲ್ಲ ಬರುವ ಈ ಹಾಡು ನಮ್ಮ ದೇವರದು, ನೀವು ಯಾಕೆ ಹಾಡಬೇಕು? ಅವನು ಏನೂ ಹೇಳಲಿಲ್ಲ. ಮಾರನೆಯ ದಿನ ಅಭ್ಯಾಸಕ್ಕೆ ಬರಲಿಲ್ಲ.

ಮೇಷ್ಟ್ರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮುಂದಿನ ಕನ್ನಡ ಪೀರಿಯಡ್ಡಿನಲ್ಲಿ ಅವರು ನನ್ನ ಹೆಸರು ಎತ್ತಲಿಲ್ಲ, ಬೈಯಲೂ ಇಲ್ಲ. ಹಲಗೆಯ ಮೇಲೆ ಹಾಡು ಬರೆದವರ ಪೂರ್ತಿ ಹೆಸರು ಬರೆದರು. ಮಹಮ್ಮದ್ ಶರೀಫ್. ಅದರ ಕೆಳಗೆ ತಂದೆಯ ಹೆಸರು, ಇಮಾಮ್ ಸಾಹೇಬ್. ಅದರ ಕೆಳಗೆ ಗುರುವಿನ ಹೆಸರು, ಗೋವಿಂದ ಭಟ್ಟ. ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡು ಪಾಠ ಮುಂದುವರಿಸಿದರು. ಶರೀಫ ಎಂಬುದು ಮುಸಲ್ಮಾನರ ಹೆಸರು ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ. ಸಂತ ಶಿಶುನಾಳ ಶರೀಫ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆವಲ್ಲ, ಅದೊಂದು ಪದವೇ ಆಗಿಹೋಗಿತ್ತು.

ಆ ಮೂರು ಹೆಸರುಗಳ ಹಿಂದಿನ ಬದುಕನ್ನು ನಾನು ಓದಿ ತಿಳಿದುಕೊಂಡದ್ದು ತುಂಬ ತಡವಾಗಿ, ನೌಕರಿಗೆ ಸೇರಿದ ಮೇಲೆ. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಶಿಶುನಾಳ, ಹಳೆಯ ಹೆಸರಿನಲ್ಲಿ ಶಿಶುವಿನಹಾಳ, ಇರುವುದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ. ನಮ್ಮ ಅಂಜನಾಪುರದಿಂದ 350 ಕಿ.ಮೀ.ಗೂ ಮೇಲೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಅದೆಲ್ಲ ಧಾರವಾಡ ಜಿಲ್ಲೆ. ಕನಕದಾಸರು ಹುಟ್ಟಿದ ಬಾಡ ಕೂಡ ಅದೇ ತಾಲ್ಲೂಕು. ಒಂದು ತಾಲ್ಲೂಕಿಗೆ ಇಬ್ಬರು ಅಂಥವರು ಅಂದರೆ ಸ್ವಲ್ಪ ಹೆಚ್ಚೇ ಆಯಿತು ಎಂದು ನಮ್ಮಂಥ ಊರಿನವರಿಗೆ ಅನ್ನಿಸುತ್ತದೆ.

ಶರೀಫರು ಹುಟ್ಟಿದ್ದು 1819ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂದಿತ್ತು. ಅವರಿಗೆ ಐದು ವರ್ಷವಾದಾಗ ಕಿತ್ತೂರಿನಲ್ಲಿ ಚೆನ್ನಮ್ಮನ ಯುದ್ಧ, ಮೂವತ್ತೊಂಬತ್ತಾದಾಗ ನರಗುಂದದ ಬಂಡಾಯ, ಐವತ್ತೇಳಾದಾಗ 1876ರ ಭೀಕರ ಬರ. ಇಷ್ಟೆಲ್ಲ ಆದದ್ದು ಅವರ ಊರಿನಿಂದ ದೂರವೇನಲ್ಲ.

ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹತ್ತಿರದ ಹುಲಗೂರಿನ ಖಾದ್ರಿ ಸಂತರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಿದ್ದರು. ಇಮಾಮ್ ಸಾಹೇಬರು ಅಲ್ಲಿಯ ಭಕ್ತರು. ಬಹುಕಾಲ ಮಕ್ಕಳಿಲ್ಲದ ದಂಪತಿಗೆ ಆ ಸಂತರ ಕೃಪೆಯಿಂದ ಮಗ ಹುಟ್ಟಿದ ಎಂದು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಕೃಪೆಯ ಮಾತು ಹೇಗೇ ಇರಲಿ, ತಂದೆ ಮಗನಿಗೆ ಕಲಿಸಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತ, ಅಲ್ಲಮಪ್ರಭುವಿನ ಕಥೆ, ಶರಣರ ವಚನ, ಇದೆಲ್ಲ ಆ ಮನೆಯಲ್ಲಿ ಓದುವ, ಕೇಳುವ ಸಂಗತಿಗಳಾಗಿದ್ದವು. ಹೊರಗೆ ಬಂದರೆ ಬಯಲಾಟ, ಲಾವಣಿ, ಮೊಹರಂ ಬಂದಾಗ ಅಲಾವಿ ಕುಣಿತ. ಶರೀಫರು ಎರಡು ಧರ್ಮಗಳನ್ನು ಕೂಡಿಸಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅವರು ಹುಟ್ಟಿದ ಊರಿನಲ್ಲಿ ಅದು ಮೊದಲೇ ಅರ್ಧ ಕೂಡಿಕೊಂಡೇ ಇತ್ತು ಎಂದು ನನಗನ್ನಿಸುತ್ತದೆ.

ಓದಿನಲ್ಲಿ ಹುಡುಗ ಚುರುಕು. ಮುಲ್ಕಿ ಪರೀಕ್ಷೆ ಮುಗಿಸಿ ಶಾಲಾ ಮಾಸ್ತರರಾದರು. ಈ ಸಂಗತಿಯನ್ನು ಶಾಲೆಯ ಸಂಚಿಕೆಯಲ್ಲಿ ಸ್ವಲ್ಪ ಒತ್ತಿ ಹೇಳಲೇಬೇಕು. ಸುತ್ತಲಿನ ಹಳ್ಳಿಗಳಲ್ಲಿ ಅವರು ಮಕ್ಕಳಿಗೆ ಅಕ್ಷರ ಕಲಿಸಿದರು. ಆಗಿನ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಸ್ಥಿತಿ ನಮಗೆ ಇವತ್ತು ಊಹಿಸಲೂ ಕಷ್ಟ. ಕಚೇರಿಯ ಕಾಗದವೆಲ್ಲ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಕನ್ನಡ ಶಾಲೆಗಳು ಬೆರಳೆಣಿಕೆಯಷ್ಟು. ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ಬೆಳೆಸಿದ್ದು ಶರೀಫರು ನಡುವಯಸ್ಸು ದಾಟುವ ಹೊತ್ತಿಗೆ. ಅಂಥ ಕಾಲದಲ್ಲಿ ಒಬ್ಬ ಹಳ್ಳಿಯ ಹುಡುಗನಿಗೆ ಸಂಬಳದ ಕೆಲಸ, ಊರಲ್ಲಿ ಮಾಸ್ತರ ಎಂಬ ಗೌರವ. ಬಿಡುವಂಥ ನೌಕರಿಯಲ್ಲ.

ಅವರು ಬಿಟ್ಟರು. ಪುಸ್ತಕಗಳಲ್ಲಿ ಇದನ್ನು ವೈರಾಗ್ಯ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ತಿಂಗಳು ತಿಂಗಳು ಮನೆ ಸಾಲದ ಕಂತು ಕಟ್ಟುವ ನನಗೆ ಅದು ಅಷ್ಟು ಸಲೀಸಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ. ಮಗ ಮಾಸ್ತರನಾದ ಎಂದು ಹಿಗ್ಗಿದ್ದ ತಂದೆತಾಯಿ ಇದ್ದರು. ಹೊಲ ಮನೆ ನೋಡಿಕೊಳ್ಳಬೇಕಿತ್ತು. ನೌಕರಿ ಬಿಟ್ಟು ಹಾಡು ಕಟ್ಟುತ್ತ ತಿರುಗುವ ಮಗನ ಬಗ್ಗೆ ಊರು ಏನು ಮಾತಾಡಿಕೊಂಡಿರಬಹುದು ಎಂಬುದನ್ನು ಯಾವ ಊರಿನವರಾದರೂ ಊಹಿಸಬಹುದು, ನಮ್ಮೂರಿನವರಂತೂ ಚೆನ್ನಾಗಿಯೇ ಊಹಿಸಬಲ್ಲರು.

ಅವರು ಹುಡುಕುತ್ತಿದ್ದದ್ದು ಗುರುವನ್ನು. ಸಿಕ್ಕವರು ಕಳಸದ ಗೋವಿಂದ ಭಟ್ಟರು. ಈ ಕಳಸ ನಮ್ಮ ಚಿಕ್ಕಮಗಳೂರಿನ ಕಳಸ ಅಲ್ಲ, ಗುಡಗೇರಿ ಹತ್ತಿರ, ಈಗಿನ ಕುಂದಗೋಳ ತಾಲ್ಲೂಕಿನಲ್ಲಿರುವ ಹಳ್ಳಿ. ಭಟ್ಟರು ಬ್ರಾಹ್ಮಣರು, ವಿದ್ವಾಂಸರು, ಆದರೆ ಮಡಿ ಮೈಲಿಗೆ ನೋಡದೆ ಎಲ್ಲ ಜಾತಿಯವರ ಮನೆ ಜಗಲಿಯ ಮೇಲೂ ಕೂರುವ ಮನುಷ್ಯ. ಹಾಗಾಗಿ ತಮ್ಮವರಿಗೇ ಅಷ್ಟೇನೂ ಬೇಕಾದವರಲ್ಲ. ಇವರಿಬ್ಬರ ಮೊದಲ ಭೇಟಿಯ ಕಥೆಯನ್ನು ಉತ್ತರ ಕರ್ನಾಟಕದಲ್ಲಿ ಮಕ್ಕಳೂ ಹೇಳುತ್ತಾರೆ. ಭಟ್ಟರು ಹುಡುಗನನ್ನು ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ನಿಮ್ಮ ಅಪ್ಪ ಯಾರೋ ನನಗೂ ಅವನೇ ಅಪ್ಪ ಎಂದು ಶರೀಫರು ಉತ್ತರ ಕೊಟ್ಟರಂತೆ. ಸುತ್ತ ಇದ್ದವರು ಇದೇನು ಉದ್ಧಟತನ ಎಂದು ಬಾಯಿ ಬಿಟ್ಟರೆ, ಭಟ್ಟರಿಗೆ ಬಲು ಸಂತೋಷವಾಯಿತಂತೆ. ಇದು ಹೀಗೆಯೇ ನಡೆಯಿತೋ, ಹೇಳುತ್ತ ಹೇಳುತ್ತ ಹೀಗಾಯಿತೋ. ಶಿಷ್ಯನನ್ನು ಕೊನೆಯವರೆಗೂ ಬಿಡದ ಗುರು ಸಿಕ್ಕಿದ್ದಂತೂ ನಿಜ.

ಒಬ್ಬರಿಗೊಬ್ಬರು ಸಿಕ್ಕಿದ್ದರಿಂದ ಇಬ್ಬರಿಗೂ ತೊಂದರೆಯಾಯಿತು. ಮುಸಲ್ಮಾನನನ್ನು ಪಕ್ಕದಲ್ಲಿ ಕೂರಿಸಿಕೊಂಡ ಎಂದು ಭಟ್ಟರ ಕಡೆಯವರು, ಬ್ರಾಹ್ಮಣನ ಹಿಂದೆ ಹೋದ ಎಂದು ಶರೀಫರ ಕಡೆಯವರು. ಭಟ್ಟರು ಒಂದು ಹೆಜ್ಜೆ ಮುಂದೆ ಹೋಗಿ ತಮ್ಮ ಕೈಯಾರೆ ಶಿಷ್ಯನಿಗೆ ಜನಿವಾರ ಹಾಕಿದರು. ಶರೀಫರು ಅದನ್ನು ಮುಚ್ಚಿಡಲಿಲ್ಲ, ಗುರು ಹಾಕಿದ ಜನಿವಾರದ ಮೇಲೆಯೇ ಒಂದು ಪದ ಕಟ್ಟಿ ಹಾಡಿದರು. ಹಾಗೆಂದು ಹೆಸರು ಬದಲಿಸಿಕೊಳ್ಳಲಿಲ್ಲ, ಹುಟ್ಟಿದ ಧರ್ಮವನ್ನು ಬಿಟ್ಟೆ ಎಂದೂ ಹೇಳಲಿಲ್ಲ. ಮೊಹರಂ ಹಬ್ಬಕ್ಕೆ ಹಾಡುವ ರಿವಾಯತ್ ಪದಗಳನ್ನು ಕಟ್ಟಿದವರೂ ಅವರೇ. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಎಲ್ಲರೂ ಅದೇ ಕಾಲದವರು, ಅವರ ಒಡನಾಟವೂ ಇತ್ತು. ಆ ಎರಡು ಮೂರು ತಾಲ್ಲೂಕುಗಳ ದಾರಿಗಳಲ್ಲಿ ಆಗ ಎಂಥವರು ಎದುರಾಗುತ್ತಿದ್ದರು ಎಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ನಡುವೆ ಅವರಿಗೆ ಮದುವೆಯಾಯಿತು. ಹೆಂಡತಿ ಕುಂದಗೋಳದ ಫಾತಿಮಾ. ಒಂದು ಹೆಣ್ಣು ಮಗುವಾಯಿತು. ಮಗು ಉಳಿಯಲಿಲ್ಲ. ಫಾತಿಮಾ ಕೂಡ ಬೇಗ ತೀರಿಕೊಂಡರು. ಶರೀಫರು ಮತ್ತೆ ಸಂಸಾರ ಹೂಡಲಿಲ್ಲ. ಅವರ ಜೀವನಚರಿತ್ರೆಗಳಲ್ಲಿ ಈ ಭಾಗ ನಾಲ್ಕೈದು ಸಾಲು ದಾಟುವುದಿಲ್ಲ, ಗುರುವಿನ ಪವಾಡಗಳಿಗೆ ಪುಟಗಟ್ಟಲೆ ಜಾಗ. ನನಗೆ ಇದು ಸರಿ ಕಾಣುವುದಿಲ್ಲ. ಅವರ ಹಾಡುಗಳಲ್ಲಿ ಮನೆ, ಗಂಡ, ತವರು, ತೊಟ್ಟಿಲು, ಒಲೆ, ಮಾಳಿಗೆ ಎಷ್ಟು ಸಲ ಬರುತ್ತವೆ ನೋಡಿ. ಮನೆ ಕಳೆದುಕೊಂಡವನು ಹಾಡಿನಲ್ಲಿ ಅಷ್ಟೊಂದು ಮನೆ ಕಟ್ಟಿದ್ದಾನೆ.

ತತ್ವಪದ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ತಂಬೂರಿ, ತಾಳ, ದಮಡಿ ಹಿಡಿದು ನಾಲ್ಕು ಜನ ಕೂತು ಹಾಡುವ ಪದ ಅದು. ಮೊದಲು ಪಲ್ಲವಿ, ಆಮೇಲೆ ಮೂರೋ ನಾಲ್ಕೋ ನುಡಿ, ಕೊನೆಯ ನುಡಿಯಲ್ಲಿ ಕಟ್ಟಿದವರ ಅಂಕಿತ. ಶರೀಫರ ಅಂಕಿತ ಶಿಶುನಾಳಾಧೀಶ, ಅಂದರೆ ಅವರ ಊರಿನ ದೇವರು. ಜೊತೆಗೆ ಗುರು ಗೋವಿಂದನ ನೆನಕೆ. ಮೇಲ್ನೋಟಕ್ಕೆ ಹಾಡು ಯಾವುದೋ ಮನೆವಾರ್ತೆಯ ಸಂಗತಿ ಹೇಳುತ್ತಿರುತ್ತದೆ. ಒಳಗೆ ದೇಹ, ಮನಸ್ಸು, ಸಾವು, ಗುರು. ಈ ಒಳಗಿನ ಅರ್ಥವನ್ನು ಹಾಡು ತಾನಾಗಿ ಬಿಡಿಸುವುದಿಲ್ಲ. ಕೇಳುವವನಿಗೆ ವಯಸ್ಸಾದ ಹಾಗೆ ತಾನೇ ಬಿಡಿಸಿಕೊಳ್ಳುತ್ತದೆ.

ಸೋರುವ ಮಾಳಿಗೆಯ ಹಾಡನ್ನೇ ತೆಗೆದುಕೊಳ್ಳಿ. ಧಾರವಾಡ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ತೊಲೆ ಜಂತಿಗಳ ಮೇಲೆ ಮಣ್ಣು ಹಾಕಿ ತುಳಿದು ಮಾಡಿದ ಚಪ್ಪಟೆ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಮಣ್ಣು ಸರಿಮಾಡದಿದ್ದರೆ ಒಳಗೆ ಸೋರುತ್ತದೆ, ಜಂತಿ ಕೊಳೆಯುತ್ತದೆ. ಶರೀಫರ ಹಾಡಿನಲ್ಲಿ ಮನೆ ಸೋರುತ್ತಿದೆ, ಕತ್ತಲೆಯಾಗಿದೆ, ಮೇಲೆ ಹತ್ತಿ ನೋಡುವವರು ಯಾರೂ ಇಲ್ಲ. ನಮ್ಮ ಅಜ್ಜಿಯ ಮನೆ ನಾಡಹೆಂಚಿನದು. ಈಗ ಬಿ.ಡಿ.ಎ. ಬಡಾವಣೆಯ ರಸ್ತೆ ಇರುವ ಜಾಗದ ಹತ್ತಿರವೇ ಇತ್ತು. ಜೋರು ಮಳೆ ಬಂದರೆ ಪಾತ್ರೆ, ಚೊಂಬು, ಬಕೆಟ್ಟು ಎಲ್ಲ ನೆಲದ ಮೇಲೆ. ಆ ಹಾಡನ್ನು ಕ್ಯಾಸೆಟ್ಟಿನಲ್ಲಿ ಕೇಳಿದಾಗ ಅಜ್ಜಿ ಇದು ನಮ್ಮ ಮನೆಯದೇ ಹಾಡು ಎಂದು ನಕ್ಕಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು, ಕಣ್ಣಿಗೆ ಪೊರೆ. ಅವರು ಯಾವ ಮನೆಯ ಮಾತು ಹೇಳಿದರು ಎಂದು ನನಗೆ ಈಗ ಅನುಮಾನ.

ಕಣ್ಣಿಗೆ ಬಿದ್ದದ್ದೆಲ್ಲ ಶರೀಫರಿಗೆ ಹಾಡಿನ ಸಾಮಾನು. ಗುಡುಗುಡಿ ಸೇದುವವನನ್ನು ಕಂಡರೆ ಅದರ ಮೇಲೆ, ಸಂತೆಯಲ್ಲಿ ತಡವರಿಸುವ ಮುದುಕಿಯನ್ನು ಕಂಡರೆ ಅವಳ ಮೇಲೆ, ಬಾರಿಸಲು ಬಾರದವನ ಕೈಯಲ್ಲಿ ತಂಬೂರಿ ಕಂಡರೆ ಅವನ ಮೇಲೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಿರಣಿಯ ಮೇಲಿನ ಹಾಡು. ಉಗಿಯಿಂದ ಓಡುವ ನೂಲಿನ ಗಿರಣಿ ಆ ಸೀಮೆಗೆ ಆಗತಾನೆ ಕಾಲಿಟ್ಟಿತ್ತು. ವಯಸ್ಸಾದ ಸಂತರೊಬ್ಬರು ಅದನ್ನು ಕಂಡು ಕಲಿಗಾಲ ಬಂತು ಎಂದು ಶಪಿಸಬಹುದಿತ್ತು. ಶರೀಫರು ಹಾಗೆ ಮಾಡದೆ, ಒಂದೊಂದು ಚಕ್ರ, ಒಂದೊಂದು ಎಳೆ ನೋಡಿ, ಬಾ ನೋಡು ಎಂದು ಹೆಣ್ಣೊಬ್ಬಳನ್ನು ಕರೆದು ತೋರಿಸುವ ಹಾಗೆ ಹಾಡಿದ್ದಾರೆ. ಯಂತ್ರದ ಒಳಗೂ ಅವರಿಗೆ ಕಂಡದ್ದು ದೇಹವೇ. ಮೊದಲ ಬಾರಿ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟಾಗ ನನಗೂ ಅಂಥದೊಂದು ಬೆರಗು ಆಗಿತ್ತು, ಹಾಡು ಕಟ್ಟಲು ಮಾತ್ರ ಬರಲಿಲ್ಲ.

ಇನ್ನೊಂದು ಸಂಗತಿ ನನ್ನ ಕಸುಬಿಗೆ ಸಂಬಂಧಪಟ್ಟದ್ದು. ಶರೀಫರು ಕುಳಿತು ಬರೆದ ಕವಿಯಲ್ಲ. ನಿಂತ ಜಾಗದಲ್ಲಿ, ಆ ಹೊತ್ತಿಗೆ ಬಂದದ್ದನ್ನು ಹಾಡುತ್ತಿದ್ದವರು. ಜೊತೆಯಲ್ಲಿದ್ದವರು ನೆನಪಿಟ್ಟುಕೊಂಡರು, ಕೆಲವರು ಬರೆದಿಟ್ಟುಕೊಂಡರು. ಭಜನೆ ಮೇಳಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದವು. ಪುಸ್ತಕವಾಗಿ ಅಚ್ಚಾದದ್ದು ಆಮೇಲೆ. ಹಾಗಾಗಿ ಒಂದೇ ಪದವನ್ನು ಎರಡು ಮೇಳಗಳು ಎರಡು ರೀತಿ ಹಾಡುತ್ತವೆ. ಒಂದು ನುಡಿ ಇಲ್ಲಿ ಇಲ್ಲ, ಒಂದು ಮಾತು ಅಲ್ಲಿ ಬೇರೆ. ನಮ್ಮ ಕೆಲಸದಲ್ಲಿ ಮೂಲ ಪ್ರತಿ ಎಂಬುದು ಎಲ್ಲಿದೆ, ಯಾರು ಯಾವಾಗ ಏನು ತಿದ್ದಿದರು ಎಂದು ಲೆಕ್ಕ ಇಡದಿದ್ದರೆ ಗದ್ದಲವಾಗುತ್ತದೆ. ಇಲ್ಲಿ ಮೂಲ ಪ್ರತಿಯೇ ಇಲ್ಲ, ಆದರೂ ನೂರಾರು ಹಾಡು ಉಳಿದಿವೆ. ಅಷ್ಟು ವರ್ಷ ಅವನ್ನು ಕಾಪಾಡಿದವರಲ್ಲಿ ಓದು ಬರಹ ಬಾರದವರೇ ಹೆಚ್ಚು ಎಂಬುದು ಶಾಲೆಯ ಸಂಚಿಕೆಯಲ್ಲಿ ಹೇಳಲು ಸ್ವಲ್ಪ ಮುಜುಗರದ ಮಾತು.

ನಮ್ಮ ಕಡೆ ಭಜನೆಯವರ ಬಾಯಲ್ಲಿ ಮಾದಪ್ಪನ ಪದ, ಮಂಟೇಸ್ವಾಮಿ ಪದ, ಕೈವಾರ ನಾರೇಯಣ ತಾತಯ್ಯನವರ ಕೀರ್ತನೆಗಳೇ ಹೆಚ್ಚು. ಶರೀಫರು ನಮ್ಮ ಊರುಗಳಿಗೆ ಹೆಚ್ಚಾಗಿ ಬಂದದ್ದು ಕ್ಯಾಸೆಟ್ಟಿನ ಮೇಲೆ, ಸಿ. ಅಶ್ವಥ್ ಅವರ ಕಂಠದಲ್ಲಿ. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ಸಂತ ಶಿಶುನಾಳ ಶರೀಫ ಸಿನಿಮಾ ಬಂತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ನಾವು ಅದನ್ನು ನೋಡಿದ್ದು ದೂರದರ್ಶನದಲ್ಲಿ, ಒಂದೇ ಟಿವಿ ಮುಂದೆ ಇಪ್ಪತ್ತು ಜನ. ಅಶ್ವಥ್ ಅವರು ವರ್ಷಗಟ್ಟಲೆ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಈ ಸಂಗೀತವನ್ನೆಲ್ಲ ಮಾಡಿದರು ಎಂದು ತಿಳಿದಾಗ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಕೆಲಸದಿಂದ ಸಮಯವೇ ಸಿಗುವುದಿಲ್ಲ ಎನ್ನುವ ನನ್ನ ನೆಪ ಅಲ್ಲಿಗೆ ಮುಗಿಯಿತು. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನ. ಶರೀಫರು ಕೂಡ ಬದುಕಿದ್ದು ಎಪ್ಪತ್ತು ವರ್ಷ, ಹುಟ್ಟಿದ ದಿನದಂದೇ ಹೋದರು ಎಂದು ಜನ ಹೇಳುತ್ತಾರೆ. ಇದಕ್ಕೆ ಏನು ಅರ್ಥ ಹಚ್ಚುವುದೋ ನನಗೆ ತಿಳಿಯದು. ಬರೆಯದೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಕೊನೆಗಾಲ ಹತ್ತಿರವಾಯಿತೆಂದು ತಿಳಿದಾಗ ಶರಣರ ಪದ್ಧತಿಯಂತೆ ಜಂಗಮರೊಬ್ಬರು ತಮ್ಮ ತಲೆಯ ಮೇಲೆ ಪಾದವಿಡಬೇಕೆಂದು ಅವರು ಆಸೆಪಟ್ಟರು. ಊರಿನ ಹಿರೇಮಠದ ಅಯ್ಯನವರನ್ನು ಕರೆಸಿದರು. ಇಂಥ ದೊಡ್ಡವರ ತಲೆಯ ಮೇಲೆ ಕಾಲಿಡುವುದು ಹೇಗೆಂದು ಅಯ್ಯನವರೇ ಹಿಂಜರಿದರಂತೆ. ಶರೀಫರೇ ಅವರಿಗೆ ಧೈರ್ಯ ಹೇಳಿ ಒಪ್ಪಿಸಬೇಕಾಯಿತಂತೆ. ಸಾಯುವವನು ಬದುಕಿರುವವರಿಗೆ ಧೈರ್ಯ ಹೇಳುವ ಈ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮಣ್ಣು ಮಾಡುವಾಗ ಒಂದು ಕಡೆ ಕುರಾನಿನ ಪಠಣ, ಇನ್ನೊಂದು ಕಡೆ ಮಂತ್ರ. ಎರಡೂ ಕಡೆಯವರು ತಮ್ಮವರೆಂದು ಬಂದಿದ್ದರು. ಬದುಕಿದ್ದಾಗ ಎರಡೂ ಕಡೆಯಿಂದ ಮಾತು ಕೇಳಿದ್ದ ಮನುಷ್ಯ ಇವರೇ.

ನಮ್ಮ ತಾತ ತೀರಿಕೊಂಡಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ರಾತ್ರಿಯಿಡೀ ಅಂಗಳದಲ್ಲಿ ಭಜನೆಯವರು ಕೂತಿದ್ದರು. ಹಾರ್ಮೋನಿಯಂ, ತಾಳ, ನಡುನಡುವೆ ಕಾಫಿ. ಬೆಳಗಿನ ಜಾವ ಮೂರರ ಸುಮಾರಿಗೆ ಒಬ್ಬರು ಶರೀಫರ ಪದ ಎತ್ತಿಕೊಂಡರು. ಗಂಡನ ಮನೆಗೆ ಹೊರಟ ತಂಗಿಗೆ ಅಳಬೇಡ ಎಂದು ಸಮಾಧಾನ ಹೇಳುವ ಪದ. ಅದನ್ನು ನಾನು ಮದುವೆ ಮನೆಯ ಹಾಡು ಎಂದೇ ತಿಳಿದಿದ್ದೆ. ನಮ್ಮಲ್ಲಿ ಮದುವೆಯ ವಿಡಿಯೋಗೂ ಅದನ್ನೇ ಹಾಕುತ್ತಿದ್ದರು. ತಾತನ ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಹೊರಡುವವಳು ಯಾರು, ಗಂಡನ ಮನೆ ಯಾವುದು ಎಂದು ಆಗ ಹೊಳೆಯಿತು. ಯಾರೂ ವಿವರಿಸಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಅಳು ನಿಲ್ಲಿಸಿ ಪಲ್ಲವಿಗೆ ದನಿಗೂಡಿಸಿದರು.

ಹೋದ ವರ್ಷ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ವಾಪಸು ಬರುವಾಗ ಹೆದ್ದಾರಿ ಬಿಟ್ಟು ಶಿಶುನಾಳಕ್ಕೆ ಹೋದೆ. ಎರಡೂ ಕಡೆ ಕಪ್ಪು ಮಣ್ಣಿನ ಹೊಲ, ಮರ ಕಡಿಮೆ, ಆಕಾಶ ಜಾಸ್ತಿ. ಪ್ರತಿ ವರ್ಷ ಅಲ್ಲಿ ಜಾತ್ರೆಯಾಗುತ್ತದೆ. ನಾನು ಹೋದದ್ದು ಜಾತ್ರೆಯ ಸಮಯ ಅಲ್ಲ, ಜನ ಇರಲಿಲ್ಲ. ಗದ್ದುಗೆಯ ಹತ್ತಿರ ಒಬ್ಬ ಹೆಣ್ಣುಮಗಳು ತೆಂಗಿನಕಾಯಿ ಒಡೆಸಿಕೊಂಡು ನಿಂತಿದ್ದರು. ಟೋಪಿ ಹಾಕಿದ ಹಿರಿಯರೊಬ್ಬರು ಸಕ್ಕರೆ ತಂದಿದ್ದರು. ಇಬ್ಬರೂ ನನಗೆ ಪ್ರಸಾದ ಕೊಟ್ಟರು. ಯಾವ ಊರಿನವರೆಂದು ಹಿರಿಯರು ಕೇಳಿದರು. ಬೆಂಗಳೂರು ಎಂದೆ. ಅಲ್ಲಿಯೂ ಅಜ್ಜಾರ ಪದ ಹಾಡ್ತಾರೇನು ಎಂದು ಕೇಳಿದರು. ಹಾಡ್ತಾರೆ ಎಂದು ಹೇಳುವಾಗ ನನಗೆ ಎಂಟನೇ ತರಗತಿಯ ಆ ಸಂಜೆ ನೆನಪಾಗಿ ಮುಂದಿನ ಮಾತು ಬರಲಿಲ್ಲ.

ಅಂದು ಮೇಷ್ಟ್ರು ಹಲಗೆಯ ಮೇಲೆ ಹೆಸರು ಬರೆದ ದಿನ ಸಂಜೆ ಆ ಗೆಳೆಯ ಅಭ್ಯಾಸಕ್ಕೆ ಬಂದಿದ್ದ. ವಾರ್ಷಿಕೋತ್ಸವದಲ್ಲಿ ಅವನೇ ಹಾಡಿದ. ಕೊನೆಯ ನುಡಿಯಲ್ಲಿ ಗುರುವಿನ ಪಾದ ಹಾಡುವವನನ್ನೇ ನುಂಗುವ ಜಾಗ ಬಂದಾಗ, ಮೇಷ್ಟ್ರು ಕಲಿಸಿದ್ದಕ್ಕಿಂತ ನಿಧಾನವಾಗಿ ಎಳೆದು ಹಾಡಿದ. ಕುಣಿಯುತ್ತಿದ್ದ ನಾವು ಆಡು, ಕೋತಿ, ಕೋಳಿ ಎಲ್ಲರೂ ತಾಳ ತಪ್ಪಿ ನಿಂತೆವು. ಕ್ಷಮೆ ಮಾತ್ರ ನಾನು ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವರ ಮನೆಯವರು ಇಲ್ಲಿಂದ ಹೋದರು, ಸಂಪರ್ಕ ತಪ್ಪಿತು.

ಈ ಮಹೋತ್ಸವದ ನೆಪದಲ್ಲಿ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಅವನ ನಂಬರ್ ಸಿಕ್ಕಿತು. ಫೋನ್ ಮಾಡಿ, ಸ್ವಲ್ಪ ಹೊತ್ತು ಮಕ್ಕಳು ಮನೆ ಎಂದೆಲ್ಲ ಮಾತಾಡಿ, ಕೊನೆಗೆ ಆ ಸಂಜೆಯ ವಿಷಯ ತೆಗೆದು ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ತನಗೆ ಅದು ನೆನಪೇ ಇಲ್ಲ ಎಂದ. ನಿಜವೋ, ನನಗೆ ಹಗುರವಾಗಲಿ ಎಂದು ಹಾಗೆ ಹೇಳಿದನೋ ತಿಳಿಯಲಿಲ್ಲ. ನನ್ನ ಆಡಿನ ಮುಖವಾಡದ ಒಂದು ಕೊಂಬು ವೇದಿಕೆಯ ಮೇಲೆ ಕಳಚಿ ಬಿದ್ದದ್ದು ಚೆನ್ನಾಗಿ ನೆನಪಿದೆಯಂತೆ. ಮಹೋತ್ಸವದ ದಿನ ಬಂದು ಹಾಡುತ್ತೀಯಾ ಎಂದು ಕೇಳಿದೆ. ಈಗ ಗಂಟಲು ಮೊದಲಿನ ಹಾಗಿಲ್ಲ, ಕೋಳಿಯ ಹಾಡು ಬೇಡ, ಮಾಳಿಗೆಯದು ಹಾಡುತ್ತೇನೆ ಎಂದ.

ನೀವು ಇದನ್ನು ಓದುವ ಹೊತ್ತಿಗೆ ಅವನು ಹಾಡಿ ಮುಗಿಸಿರುತ್ತಾನೆ.